ಯುಗಾದಿ ಶ್ರೀಶೈಲ ಪಾದಯಾತ್ರೆ: ನೆರಳು, ನೀರು ಮತ್ತು ರಸ್ತೆ ಸುರಕ್ಷತೆಗೆ ಮುಂಗಡ ಯೋಜನೆ

ಚೈತ್ರ ಮಾಸದ ಯುಗಾದಿಗೆ ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಲು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಂಬಿಯನ್ನು ಹೊತ್ತು ಸಾಗುವ ಈ ಯಾತ್ರೆಗೆ ದೀರ್ಘ ಪರಂಪರೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಅರಸಿ ಹೋದದ್ದೂ ಇದೇ ಶ್ರೀಶೈಲವನ್ನು. ದೂರದ ಊರುಗಳಿಂದ ಹೊರಟವರು ನೂರಾರು ಕಿಲೋಮೀಟರ್ ಕ್ರಮಿಸಬೇಕಾಗುತ್ತದೆ. ಯುಗಾದಿಯು ಮಾರ್ಚ್ ಉತ್ತರಾರ್ಧ ಅಥವಾ ಏಪ್ರಿಲ್ ಪೂರ್ವಾರ್ಧದಲ್ಲಿ ಬರುವುದರಿಂದ ನಡಿಗೆಯ ದಿನಗಳು ಬಯಲುಸೀಮೆಯ ಬೇಸಿಗೆಯಲ್ಲಿಯೇ ಬೀಳುತ್ತವೆ.

ಮಾರ್ಗದಲ್ಲಿರುವ ಗ್ರಾಮಗಳಲ್ಲಿ ಅರವಟ್ಟಿಗೆಗೂ ದಾಸೋಹಕ್ಕೂ ಎಂದೂ ಕೊರತೆಯಿಲ್ಲ. ಆದರೆ ಅವು ಸರಿಯಾದ ಸ್ಥಳದಲ್ಲಿ, ಸರಿಯಾದ ಹೊತ್ತಿಗೆ ದೊರೆಯದಿದ್ದರೆ ಯಾತ್ರಿಕನ ಜೀವಕ್ಕೆ ಅಪಾಯ ತಪ್ಪುವುದಿಲ್ಲ. ಕುಡಿಯುವ ನೀರು, ನೈರ್ಮಲ್ಯ ಮತ್ತು ಬೀದಿದೀಪ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳೇ ಆಗಿರುವುದರಿಂದ ಈ ಯೋಜನೆಯಲ್ಲಿ ಸದಸ್ಯರ ಪಾತ್ರ ಪ್ರಮುಖವಾದುದು.

ಬೆಳಿಗ್ಗೆ ಹತ್ತು ಗಂಟೆಯ ಲೆಕ್ಕ

ಯೋಜನೆಯನ್ನು ಒಂದು ಪ್ರಶ್ನೆಯಿಂದ ಆರಂಭಿಸಬಹುದು: ಬೆಳಿಗ್ಗೆ ಹತ್ತು ಗಂಟೆಗೆ ಯಾತ್ರಿಕರು ಎಲ್ಲಿರುತ್ತಾರೆ? ವಿಶ್ರಾಂತಿಯೂ ಸೇರಿ ಗುಂಪೊಂದು ಗಂಟೆಗೆ ಸುಮಾರು 4 ಕಿ.ಮೀ. ನಡೆಯುತ್ತದೆ ಎಂದು ಹಿಡಿದರೆ, ಬೆಳಗಿನ ಜಾವ 4 ಗಂಟೆಗೆ ಹೊರಟವರು 10 ಗಂಟೆಗೆ ಸುಮಾರು 24 ಕಿ.ಮೀ. ದೂರದಲ್ಲಿರುತ್ತಾರೆ; ವೃದ್ಧರು ಮತ್ತು ಕಂಬಿ ಹೊತ್ತವರು ಇನ್ನೂ ಹಿಂದೆ ಇರುತ್ತಾರೆ. ಹಿಂದಿನ ರಾತ್ರಿಯ ತಂಗುದಾಣದಿಂದ ಈ ದೂರವನ್ನು ನಕ್ಷೆಯಲ್ಲಿ ಗುರುತಿಸಿದರೆ, ಬಿಸಿಲೇರುವ ಹೊತ್ತಿಗೆ ಜನ ಸೇರುವ ಜಾಗ ತಿಳಿಯುತ್ತದೆ. ಅದು ಊರೊಳಗಿನ ಸಮುದಾಯ ಭವನವೇ ಆಗಿರಬೇಕೆಂದಿಲ್ಲ. ಎರಡು ಊರುಗಳ ನಡುವಿನ, ಒಂದು ಮರವೂ ಇಲ್ಲದ ಎರೆಭೂಮಿಯ ಬಯಲೂ ಆಗಿರಬಹುದು. ಚಪ್ಪರ ಮತ್ತು ಅರವಟ್ಟಿಗೆ ಮೊದಲು ಬೇಕಾದುದು ಅಲ್ಲಿಯೇ.

ಆದುದರಿಂದ ತಮ್ಮ ವ್ಯಾಪ್ತಿಯ ಮಾರ್ಗವನ್ನು ಸದಸ್ಯರು ಒಮ್ಮೆ ಸ್ವತಃ ಕ್ರಮಿಸಿ, ನೆರಳಿನಿಂದ ನೆರಳಿಗೆ ಎಷ್ಟು ದೂರವೆಂಬುದನ್ನು ಬರೆದಿಡುವುದು ಸೂಕ್ತ. ನೆರಳಿಲ್ಲದೆ 3 ಕಿ.ಮೀ. ಮೀರುವ ಭಾಗವಿದ್ದರೆ ಅಲ್ಲಿ ಚಪ್ಪರ ಹಾಕಿಸಬೇಕು. 11ರಿಂದ 4 ಗಂಟೆಯವರೆಗೆ ನಡಿಗೆ ನಿಲ್ಲಿಸುವಂತೆ ಗುಂಪುಗಳ ಮುಖ್ಯಸ್ಥರಿಗೆ ತಿಳಿಹೇಳಬೇಕು. ಶಾಲಾ ಕಟ್ಟಡವನ್ನು ಬಳಸುವುದಾದರೆ, ಅದು ಪರೀಕ್ಷೆಯ ಕಾಲವಾದುದರಿಂದ ಮುಖ್ಯೋಪಾಧ್ಯಾಯರೊಡನೆ ಮೊದಲೇ ಸಮಾಲೋಚಿಸುವುದು ಅಗತ್ಯ.

ನೀರಿನ ಪ್ರಮಾಣ ಮತ್ತು ಸರತಿ

ಉದಾಹರಣೆಗೆ, ದಿನವೊಂದಕ್ಕೆ 1,500 ಯಾತ್ರಿಕರು ಹಾದುಹೋಗುವ ಗ್ರಾಮವೊಂದನ್ನು ಪರಿಗಣಿಸಬಹುದು. ಕುಡಿಯಲು ಮತ್ತು ಬಾಟಲಿ ತುಂಬಿಕೊಳ್ಳಲು ತಲಾ 3 ಲೀಟರ್‌ನಂತೆ 4,500 ಲೀಟರ್ ಬೇಕು. ಅವರಲ್ಲಿ 500 ಮಂದಿ ತಂಗಿದರೆ ಸ್ನಾನ, ಶೌಚಗಳಿಗೆ ತಲಾ 15 ಲೀಟರ್‌ನಂತೆ ಇನ್ನೂ 7,500 ಲೀಟರ್. ಒಟ್ಟು 12,000 ಲೀಟರ್.

ನೀರು ಸಾಕಷ್ಟಿದ್ದರೂ ನಲ್ಲಿಗಳು ಕಡಿಮೆಯಿದ್ದರೆ ಜನ ಬಿಸಿಲಿನಲ್ಲಿ ಸರತಿ ನಿಲ್ಲಬೇಕಾಗುತ್ತದೆ. ಒಬ್ಬರು ಬಾಟಲಿ ತುಂಬಿಕೊಂಡು ಸರಿಯಲು ಅರ್ಧ ನಿಮಿಷವೆಂದು ಹಿಡಿದರೆ ಒಂದು ನಲ್ಲಿಯಿಂದ ಗಂಟೆಗೆ 120 ಮಂದಿಗೆ ಮಾತ್ರ ನೀರು ದೊರೆಯುತ್ತದೆ. ಒಂದೇ ಗಂಟೆಯಲ್ಲಿ 600 ಮಂದಿ ಬಂದರೆ 5 ನಲ್ಲಿಗಳು ಬೇಕು. ಕಿರು ನೀರಿನ ತೊಂಬೆಗೆ ಹೆಚ್ಚುವರಿ ನಲ್ಲಿಗಳನ್ನು ಜೋಡಿಸುವುದು ಮತ್ತೊಂದು ಟ್ಯಾಂಕರ್ ತರಿಸುವುದಕ್ಕಿಂತ ಅಗ್ಗದ ಕೆಲಸ. ವಿದ್ಯುತ್ ಪೂರೈಕೆಯ ವೇಳೆಯನ್ನು ತಿಳಿದುಕೊಂಡು, ರಾತ್ರಿಯೇ ತೊಂಬೆಗಳನ್ನು ತುಂಬಿಸುವಂತೆ ನೀರುಗಂಟಿಗೆ ಸೂಚಿಸಬೇಕು.

ಟ್ಯಾಂಕರ್ ಅಥವಾ ಕೊಳವೆಬಾವಿಯ ನೀರನ್ನು ಕ್ಲೋರಿನೀಕರಣ ಮಾಡದೆ ಕುಡಿಯಲು ಕೊಡಬಾರದು. ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪೌಡರ್ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ನಂತರ ಮೇಲಿನ ತಿಳಿಯನ್ನು ಮಾತ್ರ ತೊಂಬೆಗೆ ಸುರಿಯಬೇಕು. ಅರ್ಧ ಗಂಟೆ ಕಳೆದ ಮೇಲೆ ಪರೀಕ್ಷಾ ಕಿಟ್‌ನಲ್ಲಿ ಉಳಿಕೆ ಕ್ಲೋರಿನ್ ಲೀಟರ್‌ಗೆ ಕನಿಷ್ಠ 0.2 ಮಿ.ಗ್ರಾಂ ಕಂಡುಬರಬೇಕು.

ನೀರಿನೊಂದಿಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿಯನ್ನೂ ಕೊಡುವುದು ಒಳಿತು. ಬೆವರಿನಲ್ಲಿ ಹೋಗುವ ಲವಣವನ್ನು ಬರಿಯ ನೀರು ತುಂಬಿಕೊಡಲಾರದು. ಓ.ಆರ್.ಎಸ್. ಪೊಟ್ಟಣಗಳು ಮುಗಿದಲ್ಲಿ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು.

ಶೌಚಾಲಯವಿಲ್ಲದಿದ್ದರೆ ನೀರೂ ವ್ಯರ್ಥ

ಮಾರ್ಗದಲ್ಲಿ ಮರೆಯಾದ ಜಾಗವಿಲ್ಲವೆಂಬ ಕಾರಣಕ್ಕೆ ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅರವಟ್ಟಿಗೆಯ ಮುಂದೆಯೇ ಬಾಯಾರಿ ಸಾಗುವ ಇವರು ಬಿಸಿಲಾಘಾತಕ್ಕೆ ಬೇಗ ಗುರಿಯಾಗುತ್ತಾರೆ. ಆದುದರಿಂದ ಪ್ರತಿ ಅರವಟ್ಟಿಗೆಯ ಸಮೀಪದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿರಬೇಕು. ಅದಕ್ಕೆ ನೀರು, ಚಿಲಕ ಮತ್ತು ದೀಪ ಇರಬೇಕು. ಅಲ್ಲಿಗೆ ದಾರಿ ತೋರುವ ಫಲಕವನ್ನೂ ಹಾಕಿಸಬೇಕು.

ಕತ್ತಲಿನ ರಸ್ತೆ

ಬಿಸಿಲನ್ನು ತಪ್ಪಿಸಲು ರಾತ್ರಿ ನಡೆಯುವವರಿಗೆ ವಾಹನಗಳ ಅಪಾಯ ಎದುರಾಗುತ್ತದೆ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ನಡೆಯಲು ಯಾತ್ರಿಕರಿಗೆ ತಿಳಿಸಬೇಕು. ಗುಂಪಿನ ಮುಂದೆ ಮತ್ತು ಹಿಂದೆ ನಡೆಯುವವರ ಕೈಯಲ್ಲಿ ದೀಪ, ಕಂಬಿಗೂ ಕೈಚೀಲಗಳಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ರಸ್ತೆಯ ಅಂಚಿನಲ್ಲಿ ಮಲಗಲು ಯಾರಿಗೂ ಅವಕಾಶ ಕೊಡಬಾರದು. ತಿರುವು ಮತ್ತು ಕಿರುಸೇತುವೆಗಳ ಬಳಿ ಮುಳ್ಳುಜಾಲಿ ಕಡಿಸಿ ನಡೆಯುವ ಅಂಚನ್ನು ತೆರವುಗೊಳಿಸುವುದು ಪಂಚಾಯಿತಿಯಿಂದ ಸಾಧ್ಯವಾಗುವ ಕೆಲಸ. ಹೆದ್ದಾರಿಯ ವಿಷಯದಲ್ಲಿ ಪೊಲೀಸ್ ಠಾಣೆಗೆ ಮುಂಚಿತವಾಗಿ ಪತ್ರ ಬರೆಯಬೇಕು.

ಬಿಸಿಲಾಘಾತದ ಗುರುತು

ತಲೆಸುತ್ತು, ವಾಂತಿ, ಸ್ನಾಯುಸೆಳೆತ ಬಳಲಿಕೆಯ ಲಕ್ಷಣಗಳು. ನೆರಳು, ವಿಶ್ರಾಂತಿ ಮತ್ತು ಓ.ಆರ್.ಎಸ್.ನಿಂದ ಸುಧಾರಿಸಬಹುದು. ಆದರೆ ವ್ಯಕ್ತಿಯು ಅಸಂಬದ್ಧವಾಗಿ ಮಾತನಾಡಿದರೆ, ಪ್ರಜ್ಞೆ ತಪ್ಪಿದರೆ ಅಥವಾ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ಬಿಸಿಲಾಘಾತವೆಂದು ಭಾವಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕುಳಿತುಕೊಳ್ಳದೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಬರಿಗಾಲಿನ ಹರಕೆ ಹೊತ್ತವರಲ್ಲಿ ಮಧುಮೇಹವಿರುವವರಿಗೆ ಡಾಂಬರಿನ ಕಾವು ತಿಳಿಯದೆಯೇ ಪಾದ ಸುಡಬಹುದು. ಆಶಾ ಕಾರ್ಯಕರ್ತೆಯರು ತಂಗುದಾಣದಲ್ಲಿ ಅವರ ಪಾದಗಳನ್ನು ಪರೀಕ್ಷಿಸಬೇಕು.

ಊರಿನಿಂದಲೇ ಹೊರಡುವವರಿಗೆ

ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆದುದರಿಂದ ಹೊರಡುವ ಮುನ್ನ ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ನಡೆದು ರೂಢಿ ಮಾಡಿಕೊಳ್ಳುವಂತೆಯೂ, ನಿತ್ಯದ ಔಷಧಿಗಳನ್ನು ಜೊತೆಗೆ ಒಯ್ಯುವಂತೆಯೂ ಯಾತ್ರಿಕರಿಗೆ ತಿಳಿಸಬೇಕು. ಆತ್ಮಕೂರಿನ ಕಡೆಯಿಂದ ನಲ್ಲಮಲ ಅರಣ್ಯದ ಮೂಲಕ ಸಾಗುವ ಹಾದಿಯು ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಅಲ್ಲಿ ಒಂಟಿಯಾಗಿ ಹೋಗಬಾರದು. ಅರಣ್ಯ ಇಲಾಖೆಯು ನಿಗದಿಪಡಿಸಿದ ವೇಳೆಯನ್ನು ಪಾಲಿಸಬೇಕು. ಗುಂಪಿನಲ್ಲಿರುವವರ ಹೆಸರು, ವಯಸ್ಸು, ಮನೆಯ ದೂರವಾಣಿ ಸಂಖ್ಯೆಗಳ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯಲ್ಲಿ ಇರಿಸಿಕೊಳ್ಳುವುದರಿಂದ ತುರ್ತು ಸಂದರ್ಭದಲ್ಲಿ ಕುಟುಂಬದವರನ್ನು ತಲುಪಲು ಸಾಧ್ಯವಾಗುತ್ತದೆ.

ಸಭೆಯಲ್ಲಿ ತೀರ್ಮಾನಿಸಬೇಕಾದ ಅಂಶಗಳು

ಯುಗಾದಿಗೆ ಎರಡು ತಿಂಗಳ ಮೊದಲೇ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಚಪ್ಪರದ ಸ್ಥಳಗಳು, ನಲ್ಲಿಗಳ ಸಂಖ್ಯೆ, ಶೌಚಾಲಯಗಳ ದುರಸ್ತಿ ಮತ್ತು ವೆಚ್ಚದ ಬಾಬ್ತು ಕುರಿತು ಠರಾವು ಅಂಗೀಕರಿಸುವುದು ಸೂಕ್ತ. ಪ್ರತಿ ಕೆಲಸದ ಮುಂದೆ ಒಬ್ಬ ಸದಸ್ಯರ ಹೆಸರು ಇರಬೇಕು. ದಾಸೋಹ ಸಮಿತಿಗಳನ್ನೂ, ಮಾರ್ಗದ ಹಿಂದಿನ ಮತ್ತು ಮುಂದಿನ ಪಂಚಾಯಿತಿಗಳನ್ನೂ ಸಂಪರ್ಕಿಸಿದರೆ ಒಂದೇ ಊರಿನಲ್ಲಿ ಹತ್ತು ಅರವಟ್ಟಿಗೆಗಳು, ಮುಂದಿನ ಹತ್ತು ಕಿಲೋಮೀಟರಿಗೆ ಒಂದೂ ಇಲ್ಲ ಎಂಬ ಸ್ಥಿತಿಯನ್ನು ತಪ್ಪಿಸಬಹುದು. ಗಡಿಕಲ್ಲಿನ ಬಳಿ ಪಂಚಾಯಿತಿಯ ವ್ಯಾಪ್ತಿ ಮುಗಿದರೂ ಯಾತ್ರಿಕನ ದಾರಿ ಮುಂದುವರಿಯುತ್ತದೆ ಎಂಬುದನ್ನು ಗಮನದಲ್ಲಿರಿಸಿಕೊಂಡು ಯೋಜನೆಯನ್ನು ರೂಪಿಸಬೇಕು.