ಹೊಸ ಟ್ಯಾಂಕಿಗೂ ಮೊದಲು ಹಳೆಯ ಪೈಪು

ಸಣ್ಣ ಊರಿಗೆ ಕುಡಿಯುವ ನೀರಿನ ಯೋಜನೆ ಮಂಜೂರಾಯಿತೆಂದರೆ ಎಲ್ಲರ ಕಣ್ಣು ಹೋಗುವುದು ಹೊಳೆಯಿಂದ ಬರುವ ದೊಡ್ಡ ಪೈಪು ಮತ್ತು ಊರ ನಡುವೆ ಏಳುವ ಓವರ್‌ಹೆಡ್ ಟ್ಯಾಂಕಿನ ಮೇಲೆ. ಎರಡೂ ಬೇಕಾದವೇ. ಆದರೆ ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳ ನೀರಿನ ಗೋಳು ಬಹುಪಾಲು ಅಡಗಿರುವುದು ಟ್ಯಾಂಕಿನಿಂದ ಇಳಿದ ನೀರು ಮನೆ ನಲ್ಲಿಗೆ ಸೇರುವ ದಾರಿಯಲ್ಲಿ. ಅದು ರಸ್ತೆಯ ಕೆಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಹಳೆಯ ಪೇಟೆ ಬೀದಿಯಲ್ಲಿ ಸೀಸ ಹುಯ್ದು ಬೆಸೆದ ಬೀಡುಕಬ್ಬಿಣದ ಪೈಪು, ಆಮೇಲೆ ಬೆಳೆದ ಬಡಾವಣೆಯಲ್ಲಿ ಕಲ್ನಾರು ಸಿಮೆಂಟಿನದು, ಅದರಾಚೆ ಪಿವಿಸಿ: ಒಂದೇ ಊರಿನಲ್ಲಿ ಮೂರು ಕಾಲದ ಪೈಪುಗಳು ಒಂದಕ್ಕೊಂದು ಜೋಡಿಕೊಂಡಿರುತ್ತವೆ. ನಕ್ಷೆ ಹಲವೆಡೆ ಇಲ್ಲ, ಇದ್ದರೂ ಹಳತು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಏರುತ್ತದೆ, ಎಲ್ಲಿ ಹಳೆಯ ಲೈನಿಗೆ ಗುಟ್ಟಾಗಿ ಹೊಸದನ್ನು ಸೇರಿಸಿದ್ದಾರೆ ಎಂಬುದೆಲ್ಲ ನೀರಗಂಟಿಯ ತಲೆಯಲ್ಲಿ ಇರುತ್ತದೆ. ಆತ ನಿವೃತ್ತನಾದರೆ ಊರಿನ ಅರ್ಧ ನಕ್ಷೆ ಆತನ ಜೊತೆಗೇ ಹೋಗುತ್ತದೆ. ಡಿಪಿಆರ್ (ವಿಸ್ತೃತ ಯೋಜನಾ ವರದಿ) ಬರೆಯುವ ಎಂಜಿನಿಯರುಗಳು ಕಚೇರಿಯ ಕಡತ ಬಿಡಿಸುವ ಮೊದಲು ನೀರಗಂಟಿಯ ಜೊತೆ ಊರು ಸುತ್ತಬೇಕು. ಇದನ್ನು ನಾನು ಸೌಜನ್ಯದ ಮಾತಾಗಿ ಹೇಳುತ್ತಿಲ್ಲ, ಯೋಜನೆಯ ಮೊದಲ ಕೆಲಸವೇ ಇದು ಎಂದು ನಂಬಿದ್ದೇನೆ.

ಪೈಪು ಹಳೆಯದಾದರೆ ತೂತು ಬೀಳುವುದಷ್ಟೇ ಅಲ್ಲ. ಬೀಡುಕಬ್ಬಿಣದ ಒಳಗೋಡೆಯಲ್ಲಿ ತುಕ್ಕು ಗಂಟುಗಟ್ಟುತ್ತದೆ. ಆರು ಇಂಚಿನ ಪೈಪು ಒಳಗೆ ಐದು ಇಂಚಿಗೆ ಕುಗ್ಗಿದರೆ, ಅಷ್ಟೇ ಒತ್ತಡದಲ್ಲಿ ಹರಿಯುವ ನೀರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಕೊನೆಯ ಓಣಿಗೆ ನೀರೇರದಿರುವುದಕ್ಕೆ ಕಾರಣ ಇದಾಗಿದ್ದರೆ, ಮೇಲೆ ಎಷ್ಟು ದೊಡ್ಡ ಟ್ಯಾಂಕು ಕಟ್ಟಿದರೂ ಆ ಓಣಿಯ ಕೊಡ ತುಂಬುವುದಿಲ್ಲ.

ಇನ್ನೂ ಕಳವಳದ ಸಂಗತಿ ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಪದ್ಧತಿ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಆಗ ಸುತ್ತಲಿನ ಮಣ್ಣಿನ ತೇವ, ಚರಂಡಿಯ ರೊಚ್ಚು ಪೈಪಿನ ಬಿರುಕುಗಳಿಂದ ಒಳಗೆ ನುಸುಳುತ್ತದೆ. ಇದಕ್ಕೆ ನಮ್ಮ ಮನೆಯಂಗಳದಲ್ಲೇ ಪುರಾವೆಯಿದೆ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರಾದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸದಾ ಹರಿಯುವ ನಲ್ಲಿಗಳ ಮಾದರಿಗಳಲ್ಲಿ ಶೇ 0.7ರಲ್ಲಿ ಮಾತ್ರ ಮಲದ ಕುರುಹಾದ ಇ-ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇ 31.7ರಲ್ಲಿ. ಊರು ಒಂದೇ, ವ್ಯತ್ಯಾಸ ಇದ್ದದ್ದು ಪೈಪಿನಲ್ಲಿ ಮತ್ತು ಅದರೊಳಗಿನ ಒತ್ತಡದಲ್ಲಿ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಜೀವ ಕಳೆದುಕೊಂಡಿದ್ದನ್ನು ನಾವು ಮರೆಯಬಾರದು.

‘ಇರುವ ನೀರೇ ಸಾಲದು, 24 ಗಂಟೆ ಎಲ್ಲಿಂದ ಕೊಡುವುದು’ ಎಂಬ ಮಾತು ಪುರಸಭೆ ಸಭೆಗಳಲ್ಲಿ ಸಾಮಾನ್ಯ. ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಕಾಣುತ್ತದೆ. ಇಡೀ ದಿನದ ನೀರನ್ನು ಎರಡೇ ಗಂಟೆಯಲ್ಲಿ ಹರಿಸಬೇಕಾದರೆ ಪೈಪು ಸರಾಸರಿಯ ಹನ್ನೆರಡು ಪಟ್ಟು ಹೊರಬೇಕು. ಸದಾ ಹರಿಯುವ ವ್ಯವಸ್ಥೆಯಲ್ಲಿ, ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ, ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿ ಹಿಡಿಯುವುದು ಮೂರು ಪಟ್ಟು ಮಾತ್ರ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿ ಸಂಪು, ಡ್ರಮ್ಮು, ಬಿಂದಿಗೆ ತುಂಬಿಕೊಳ್ಳುವ ಆತುರವೇ ದೊಡ್ಡ ಪೈಪನ್ನು ಬೇಡುತ್ತದೆ. ಮರುಸಲ ನೀರು ಬಂದಾಗ ಹಳೆಯ ನೀರು ಚೆಲ್ಲಿ ಹೊಸದು ಹಿಡಿಯುವವರೂ ಕಡಿಮೆಯೇನಿಲ್ಲ.

ಸೋರಿಕೆಯ ಲೆಕ್ಕವಂತೂ ನೇರವಾಗಿ ಕರೆಂಟ್ ಬಿಲ್ಲಿಗೆ ಬರುತ್ತದೆ. ಒಳಚರಂಡಿಯಿರುವ ಊರಿಗೆ ತಲಾ 135 ಲೀಟರ್ ಎಂಬ ಮಾನದಂಡದಂತೆ 25,000 ಜನರಿಗೆ ದಿನಕ್ಕೆ ಸುಮಾರು 34 ಲಕ್ಷ ಲೀಟರ್ ಬೇಕು. ಹೊಳೆಯ ಬದಿಯ ಪಂಪ್ ಬಾವಿಯಿಂದ (ಜಾಕ್‌ವೆಲ್) ಊರಿಗೆ ಅದನ್ನು 100 ಮೀಟರ್ ಎತ್ತಬೇಕೆಂದಿಟ್ಟುಕೊಳ್ಳಿ. ಸಾಧಾರಣ ಪಂಪಿಗೆ ಹತ್ತಿರ ಹತ್ತಿರ 1,400 ಯೂನಿಟ್ ವಿದ್ಯುತ್ ಬೇಕು. ಆ ನೀರಿನಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿದರೆ ದಿನಕ್ಕೆ 460 ಯೂನಿಟ್ ಮಣ್ಣುಪಾಲು. ಮೀಟರೇ ಇಲ್ಲದ ಊರಿಗೆ ಈ ನಷ್ಟ ಗೊತ್ತಾಗುವುದೂ ಇಲ್ಲ. ಹಾಗಾಗಿ ಹೊಸ ನೀರಿನ ಮೂಲ ಹುಡುಕುವ ಮೊದಲು ಟ್ಯಾಂಕಿನಿಂದ ಹೊರಬೀಳುವ ಕಡೆ ಬಲ್ಕ್ ಮೀಟರ್ ಕೂರಿಸಿ, ರಾತ್ರಿ ಎರಡು ಗಂಟೆಗೆ, ಜನ ನಿದ್ದೆಯಲ್ಲಿರುವಾಗ, ಎಷ್ಟು ನೀರು ಹೋಗುತ್ತಿದೆ ನೋಡಬೇಕು. ಸಂಪುಗಳಿಗೆ ತುಂಬುತ್ತಿರುವುದನ್ನು ಕಳೆದರೆ ಉಳಿದದ್ದು ಬಹುಮಟ್ಟಿಗೆ ಸೋರಿಕೆ.

ಬದಲಾಯಿಸುವಾಗ ಊರನ್ನು ಒಂದೇ ಸಲ ಅಗೆಯುವ ಅಗತ್ಯವಿಲ್ಲ. ಒಂದೊಂದು ಟ್ಯಾಂಕಿನ ವ್ಯಾಪ್ತಿಯನ್ನು ಪ್ರತ್ಯೇಕ ವಲಯ ಮಾಡಿಕೊಂಡು, ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬಹುದು. ಕಲ್ನಾರಿನ ಪೈಪನ್ನು ಕತ್ತರಿಸಿದರೆ ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಆದ್ದರಿಂದ ಅದನ್ನು ಮಣ್ಣಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಾಕುವುದೇ ಮೇಲು. ಆದರೆ ಹಳೆಯ ಲೈನಿಗೆ ನೀರು ಪೂರ್ತಿ ನಿಲ್ಲಿಸಲೇಬೇಕು. ನಾಲ್ಕು ಮನೆಗಳ ಸಂಪರ್ಕ ಉಳಿದಿದೆಯೆಂದು ಎರಡನ್ನೂ ನಡೆಸಿದರೆ ಹಳೆಯ ಸೋರಿಕೆ ಹಾಗೇ ಉಳಿಯುತ್ತದೆ. ಮುಖ್ಯ ಪೈಪಿನಿಂದ ಮನೆಗೆ ತಿರುಗುವ ಜೋಡಣೆಯಲ್ಲಿಯೇ ಹೆಚ್ಚು ಸೋರುವುದು, ಮನೆಯ ಜಿಐ ಪೈಪು ಚರಂಡಿಯೊಳಗೆ ಮುಳುಗಿ ಹಾದುಹೋಗಿರುವುದೂ ಅಲ್ಲೇ. ಅದನ್ನು ‘ಮನೆಯವರ ಜವಾಬ್ದಾರಿ’ ಎಂದು ಟೆಂಡರಿನಿಂದ ಕೈಬಿಟ್ಟ ಯೋಜನೆ ಅರ್ಧ ಯೋಜನೆ. ಬಡ ಮನೆಗಳಿಗೆ ಆ ಖರ್ಚು ಭಾರ, ಕಾಯಿಲೆ ಮೊದಲು ತಟ್ಟುವುದೂ ಅವರಿಗೇ.

ಹಣದ ದಾರಿ ಮೊದಲಿಗಿಂತ ಸುಲಭವಾಗಿದೆ. ಕೇಂದ್ರ ಸರ್ಕಾರದ 2015ರ ಅಮೃತ್ ಯೋಜನೆ 500 ನಗರಗಳಿಗಷ್ಟೇ ಸೀಮಿತವಾಗಿತ್ತು. 2021ರ ಅಕ್ಟೋಬರಿನಲ್ಲಿ ಶುರುವಾದ ಅಮೃತ್ 2.0 ಸಣ್ಣ ಪಟ್ಟಣಗಳನ್ನೂ ಒಳಗೊಂಡಿತು. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಕಾಮಗಾರಿಗೆ ಕೇಂದ್ರದ ಪಾಲು ಅರ್ಧ. ಆದರೆ ಅನುದಾನದಲ್ಲಿ ಪೈಪು ಬರುತ್ತದೆ, ಅದನ್ನು ನೋಡಿಕೊಳ್ಳುವವನ ಸಂಬಳ ಬರುವುದಿಲ್ಲ. ಅದು ನೀರಿನ ಕಂದಾಯದಿಂದಲೇ ಹುಟ್ಟಬೇಕು. ಮೀಟರ್ ಹಾಕಿ, ಮನೆಗೆ ಬೇಕಾದಷ್ಟು ನೀರಿಗೆ ಕಡಿಮೆ ದರ, ಅದರ ಮೇಲೆ ಏರುವ ದರ ಇಡುವುದನ್ನು ಕೌನ್ಸಿಲ್ ಈಗಲೇ ಚರ್ಚಿಸಬೇಕು. ಟೆಂಡರಿನಲ್ಲಿ ಹೊಸ ಲೈನಿನ ನಕ್ಷೆ, ವಾಲ್ವುಗಳ ಜಾಗ, ಪ್ರತಿ ವಲಯದ ಮೀಟರ್ ಪುಸ್ತಕ ಪುರಸಭೆಗೆ ಒಪ್ಪಿಸದ ಹೊರತು ಕೊನೆಯ ಬಿಲ್ಲು ಪಾಸಾಗದು ಎಂಬ ಷರತ್ತು ಬರೆಯಲಿ. ಒಬ್ಬ ಯುವ ನೀರಗಂಟಿಯನ್ನು ಕಾಮಗಾರಿಯ ಮೊದಲ ದಿನದಿಂದಲೇ ಗುತ್ತಿಗೆದಾರನ ಜೊತೆ ನಿಲ್ಲಿಸಲಿ.