ಮಾತಿಲ್ಲದ ಸಿನಿಮಾ ಎಲ್ಲರಿಗೂ ತಿಳಿಯುತ್ತಿತ್ತು

ಕಲ್ಹೇರ್: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಕಚೇರಿಯಲ್ಲಿ ತೆಲುಗು. ಕಲ್ಹೇರ್, ನಾರಾಯಣಖೇಡ್, ಜಹೀರಾಬಾದ್ ಭಾಗದ ಅನೇಕ ಕುಟುಂಬಗಳು ಎರಡೂ ಭಾಷೆಯ ಸಿನಿಮಾ ನೋಡುತ್ತವೆ. ಆದರೆ ಸಿನಿಮಾ ಹುಟ್ಟಿದಾಗ ಅದಕ್ಕೆ ಯಾವ ಭಾಷೆಯೂ ಇರಲಿಲ್ಲ.

ಹೊಲಿಗೆ ಮಿಷನ್ ಕಲಿಸಿದ ಪಾಠ

ಅಮೆರಿಕದಲ್ಲಿ ಎಡಿಸನ್ ಮತ್ತು ಅವರ ಸಹಾಯಕ ಡಿಕ್ಸನ್ ಚಲಿಸುವ ಚಿತ್ರ ತೆಗೆಯುವ ಕ್ಯಾಮೆರಾ ಮಾಡಿದ್ದರು. ಆದರೆ ಆ ಚಿತ್ರವನ್ನು ಪೆಟ್ಟಿಗೆಯ ಕಿಂಡಿಯಲ್ಲಿ ಒಮ್ಮೆಗೆ ಒಬ್ಬರೇ ನೋಡಬೇಕಿತ್ತು. ಫ್ರಾನ್ಸ್‌ನ ಲೂಮಿಯೇರ್ ಸಹೋದರರು 1895ರ ಫೆಬ್ರವರಿ 13ರಂದು ಪೇಟೆಂಟ್ ಪಡೆದ ಯಂತ್ರ ಈ ತೊಡಕನ್ನು ನಿವಾರಿಸಿತು. ಚಿತ್ರ ತೆಗೆಯುವುದು, ಪ್ರತಿ ಮಾಡುವುದು, ಪರದೆಯ ಮೇಲೆ ತೋರಿಸುವುದು ಮೂರೂ ಕೆಲಸ ಒಂದೇ ಪೆಟ್ಟಿಗೆಯಿಂದ ಆಗುತ್ತಿತ್ತು.

ಹೊಲಿಗೆ ಮಿಷನ್ನಿನಲ್ಲಿ ಕೆಳಗಿನ ಹಲ್ಲು ಬಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿ ನಿಲ್ಲಿಸುತ್ತದೆ, ಸೂಜಿ ಇಳಿಯುತ್ತದೆ, ಬಟ್ಟೆ ಮತ್ತೆ ಮುಂದೆ ಹೋಗುತ್ತದೆ. ಲೂಯಿ ಲೂಮಿಯೇರ್‌ಗೆ ದಾರಿ ತೋರಿದ್ದು ಇದೇ. ಹಿಡಿ ತಿರುಗಿಸಿದಾಗ ಕೊಕ್ಕೆಯೊಂದು ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿ ಅದನ್ನು ಎಳೆದು ನಿಲ್ಲಿಸುತ್ತದೆ. ಆ ಕ್ಷಣದಲ್ಲಿ ಬೆಳಕು ಬಿದ್ದು ಒಂದು ಚಿತ್ರ ಮೂಡುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 16 ಚಿತ್ರ. ಅಷ್ಟು ಬೇಗ ಒಂದರ ಹಿಂದೆ ಒಂದು ಬಂದರೆ ಅವು ಬಿಡಿ ಚಿತ್ರಗಳಾಗಿ ಕಾಣದೆ, ಓಡಾಟವಾಗಿ ಕಾಣುತ್ತವೆ. ಸುಮಾರು 17 ಮೀಟರ್ ಉದ್ದದ ಒಂದು ಸುರುಳಿ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು.

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಇವರ ಮೊದಲ ಟಿಕೆಟ್ ಪ್ರದರ್ಶನ ನಡೆಯಿತು. 1896ರ ಜುಲೈ 7ರಂದೇ ಅದು ಮುಂಬೈನ ವಾಟ್ಸನ್ ಹೋಟೆಲಿಗೆ ಬಂತು. 1913ರಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಿತು. ಚಿತ್ರದ ನಡುವೆ ಬರುವ ಬರಹವನ್ನು ಓದು ಬಾರದವರಿಗಾಗಿ ಒಬ್ಬರು ಜನರ ಭಾಷೆಯಲ್ಲಿ ಗಟ್ಟಿಯಾಗಿ ಹೇಳುವ ರೂಢಿ ಮೂಕಿ ಕಾಲದಲ್ಲಿ ಹಲವೆಡೆ ಇತ್ತು. ಹೀಗಾಗಿ ಒಂದೇ ಚಿತ್ರ ಎಲ್ಲಿ ಬೇಕಾದರೂ ನಡೆಯುತ್ತಿತ್ತು.

ನಿಜಾಮರ ರಾಜ್ಯದಲ್ಲಿ

ಆಗ ನಾರಾಯಣಖೇಡ್, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಎಲ್ಲವೂ ಹೈದರಾಬಾದ್ ನಿಜಾಮರ ಆಳ್ವಿಕೆಯ ಊರುಗಳು. ತೆಲುಗು, ಮರಾಠಿ, ಕನ್ನಡ, ಉರ್ದು ಆಡುವ ಜನ ಒಂದೇ ರಾಜ್ಯದಲ್ಲಿದ್ದರು. 1922ರಲ್ಲಿ ಬಂಗಾಳದ ಧೀರೇಂದ್ರನಾಥ ಗಂಗೂಲಿ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ತೆರೆದು ಮೂಕಿ ಚಿತ್ರಗಳನ್ನು ತಯಾರಿಸಿದರು. 1924ರಲ್ಲಿ ‘ರಜಿಯಾ ಬೇಗಂ’ ಚಿತ್ರ ತೋರಿಸಿದ್ದಕ್ಕೆ ನಿಜಾಮರು ಸಿಟ್ಟಾಗಿ ಅವರನ್ನು ರಾಜ್ಯದಿಂದ ಹೊರಗೆ ಕಳಿಸಿದರು. ಚಿತ್ರಕ್ಕೆ ಮಾತಿಲ್ಲದಿದ್ದರೂ ಅರಮನೆಗೆ ಅದರ ಅರ್ಥ ಆಗಿತ್ತು.

ಮಾತು ಬಂತು, ಪಾಲಾಯಿತು

1931ರಲ್ಲಿ ‘ಆಲಂ ಆರಾ’ ಬಂದ ಮೇಲೆ ಸಿನಿಮಾ ಭಾಷೆ ಭಾಷೆಗೆ ಪಾಲಾಯಿತು. ತೆಲುಗಿನ ‘ಭಕ್ತ ಪ್ರಹ್ಲಾದ’ 1932ರಲ್ಲಿ, ಕನ್ನಡದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡವು. ಆದರೆ ಕೆಲಸ ಮಾಡಿದವರು ಪಾಲಾಗಲಿಲ್ಲ. ‘ಸತಿ ಸುಲೋಚನ’ಕ್ಕೆ ಹಣ ಹಾಕಿದವರು ಬೆಂಗಳೂರಿನ ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ನೆಲ್ಲೂರಿನ ವೈ.ವಿ. ರಾವ್, ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಯವರದು, ಚಿತ್ರೀಕರಣ ಮರಾಠಿ ನಾಡಿನ ಕೊಲ್ಹಾಪುರದಲ್ಲಿ. ‘ಭಕ್ತ ಪ್ರಹ್ಲಾದ’ ತಯಾರಾದದ್ದೂ ಮುಂಬೈನಲ್ಲಿ.

1956ರ ನವೆಂಬರ್ 1ರಂದು ರಾಜ್ಯಗಳೂ ಭಾಷೆಯ ಮೇಲೆ ಪಾಲಾದವು. ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ನಾರಾಯಣಖೇಡ್, ಜಹೀರಾಬಾದ್, ತಾಂಡೂರು ಆಂಧ್ರಪ್ರದೇಶಕ್ಕೆ ಬಂದವು. 2014ರಿಂದ ಇವು ತೆಲಂಗಾಣದಲ್ಲಿವೆ.

ಆ ಎರಡು ಮೊದಲ ಮಾತಿನ ಚಿತ್ರಗಳ ಪ್ರತಿ ಇಂದು ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ಜೋಪಾನ ಮಾಡದಿದ್ದರೆ ಕೊಳೆತು ಪುಡಿಯಾಗುತ್ತಿತ್ತು. ಕನ್ನಡದವರೂ ತೆಲುಗಿನವರೂ ತಮ್ಮ ತಮ್ಮ ಮೊದಲ ಮಾತಿನ ಚಿತ್ರವನ್ನು ಕಳೆದುಕೊಂಡಿದ್ದಾರೆ. ಇನ್ನು ಊರೂರಿನ ಟೆಂಟ್ ಸಿನಿಮಾ ನೋಡಿದ ಹಿರಿಯರ ನೆನಪುಗಳಿವೆ. ಅವನ್ನು ಯಾವ ಭಾಷೆಯಲ್ಲಾದರೂ ಸರಿ, ಈಗಲೇ ಕೇಳಿ ಬರೆದಿಡುವುದು ಒಳ್ಳೆಯದು.