ಹೊಳೆ ಕೇಳಿ ಹೊರಡಿ: ಸುರಪುರದಿಂದ ತಿಂಥಣಿ ದಂಡೆಗೆ

ಬಸ್ಸು ತಿಂಥಣಿ ಬ್ರಿಜ್ ಏರಿದ ಕೂಡಲೇ ಒಳಗಿನ ಮಾತು ತಗ್ಗುತ್ತದೆ. ಕಿಟಕಿ ಪಕ್ಕದವರ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ, ಯಾರೋ ಒಬ್ಬರು ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ನೀರಿಗೆ ಎಸೆಯುತ್ತಾರೆ. ಕೆಳಗೆ ಕೃಷ್ಣೆ. ಎಡದಂಡೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು, ಬಲದಂಡೆ ರಾಯಚೂರು ಜಿಲ್ಲೆ. ಜೇವರ್ಗಿಯಿಂದ ಶಹಾಪುರ, ಸುರಪುರ ಹಾದು ಲಿಂಗಸುಗೂರು, ಸಿಂಧನೂರಿನ ಕಡೆ ಇಳಿಯುವ ಹೆದ್ದಾರಿ ಇದು. ಲಾರಿ, ಬಸ್ಸು, ಭತ್ತದ ಟ್ರ್ಯಾಕ್ಟರು ಎಲ್ಲವೂ ದಾಟಿ ಹೋಗುತ್ತವೆ. ನಿಲ್ಲುವವರು ಕಡಿಮೆ. ನಿಂತರೂ ದಂಡೆಯ ಗುಡಿಯ ಮೌನೇಶ್ವರರಿಗೆ ಕಾಯಿ ಒಡೆಸಿ ಅದೇ ಹೊತ್ತಿಗೆ ತಿರುಗಿಬಿಡುತ್ತಾರೆ.

ಕಡಲ ತೀರದ ಊರಿಗೆ ಎರಡು ದಿನ ಹೋಗಿಬರಬೇಕೆಂದರೆ ನಾವು ತಿಂಗಳ ಮೊದಲೇ ಲೆಕ್ಕ ಹಾಕುತ್ತೇವೆ: ಯಾವ ಹವಾ, ಎಲ್ಲಿ ವಸ್ತಿ, ಏನು ಊಟ, ಯಾವ ಹೊತ್ತಿಗೆ ಯಾವ ದಂಡೆ. ಅಷ್ಟೇ ಅಕ್ಕರೆಯ ಲೆಕ್ಕವನ್ನು ಈ ಹೊಳೆದಂಡೆಗೂ ಹಾಕಬೇಕೆಂಬುದು ನನ್ನ ಆಸೆ. ಎರಡು ಹಗಲು, ಒಂದು ರಾತ್ರಿ ಸಾಕು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಬೇಕು, ಅದನ್ನು ಗೊತ್ತುಮಾಡುವುದು ಹೊಳೆಯೇ. ಮೇಲೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಇದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ಬಿಟ್ಟರೆ ಬಸವಸಾಗರ ಬಿಡಲೇಬೇಕು. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುವುದು ಹೀಗೆ. 2019ರ ಆಗಸ್ಟಿನಲ್ಲಿ 6 ಲಕ್ಷ ಕ್ಯೂಸೆಕ್ ಆಸುಪಾಸು ನೀರು ಬಂದಾಗ ಕೊಳ್ಳೂರಿನ ಸೇತುವೆ, ಶೀಲಹಳ್ಳಿಯ ಸೇತುವೆ ಮುಳುಗಿ ಎರಡೂ ದಂಡೆಯ ಜನ ಸುತ್ತುಹಾದಿ ಹಿಡಿದರು. ಕಕ್ಕೇರಾ ಕಡೆಯ ನೀಲಕಂಠರಾಯನ ಗಡ್ಡಿಯ ಜನ ಹೊಳೆ ಏರಿದಾಗಲೆಲ್ಲ ನಡುಗಡ್ಡೆಯಲ್ಲೇ ಸಿಕ್ಕಿಬಿದ್ದ ಸುದ್ದಿಯನ್ನು ನಾವು ವರ್ಷ ವರ್ಷ ಓದಿದವರು. ಆದ್ದರಿಂದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬರುವವರು ಎಷ್ಟು ನೀರು ಬಿಟ್ಟಿದ್ದಾರೆಂದು ಪತ್ರಿಕೆ ನೋಡಿಯೇ ಹೊರಡಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಂಡೆಯ ಮೇಲೆ ಕಾಲಿಡಲಾಗದು. ನನ್ನ ಮಾತು ಕೇಳುವುದಾದರೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬನ್ನಿ. ಆಗ ಹೊಳೆ ತಿಳಿಯಾಗಿರುತ್ತದೆ, ಹಕ್ಕಿ ಬಂದಿರುತ್ತವೆ, ಜಾತ್ರೆಯೂ ಅದೇ ಕಾಲಕ್ಕೆ.

ದಾರಿ ಸಲೀಸು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಅಥವಾ ಬಸವ ಎಕ್ಸ್‌ಪ್ರೆಸ್ ಹತ್ತಿದರೆ ಯಾದಗಿರಿಯಲ್ಲಿ ಇಳಿಯಬಹುದು. ಅಲ್ಲಿಂದ ಭೀಮಾ ನದಿ ದಾಟಿ ಶಹಾಪುರ, ಮುಂದೆ ಸುರಪುರ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಎಡಗಡೆ, ಬಲಗಡೆ ಎನ್ನದೆ ಗುಡ್ಡಗಳನ್ನು ನೋಡುತ್ತಿರಿ. ಶಹಾಪುರದ ಗುಡ್ಡಸಾಲು ಒಂದು ಕೋನದಿಂದ ಹಣೆ, ಮೂಗು, ಎದೆ ಎಲ್ಲ ಸೇರಿ ಮಲಗಿದ ಬುದ್ಧನಾಗಿ ಕಾಣುತ್ತದೆ. ಎಲ್ಲಿಂದ ಕಾಣುತ್ತದೆಂದು ಕಂಡಕ್ಟರನ್ನು ಕೇಳಿದರೆ ಕೈ ಚಾಚಿ ತೋರಿಸುತ್ತಾರೆ.

ವಸ್ತಿ ಸುರಪುರದಲ್ಲಿ ಮಾಡುವುದು ವಾಸಿ. ಸುತ್ತ ಗುಡ್ಡ, ನಡುವೆ ಊರು. ಗುಡ್ಡದ ಬಂಡೆಗಳ ಸಂದಿಯಲ್ಲೇ ಮನೆ ಎದ್ದಿವೆ, ಓಣಿಗಳು ಮೆಟ್ಟಿಲಾಗಿ ಏರುತ್ತವೆ. ಗೋಸಲ ವಂಶದ ಬೇಡ ನಾಯಕರ ರಾಜಧಾನಿ ಇದು. ಬೆಳಿಗ್ಗೆ ಬಿಸಿಲೇರುವ ಮುಂಚೆ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹೋದರೆ ಇಡೀ ಊರು ಕಾಲಡಿ ಕಾಣುತ್ತದೆ: ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ಆಚೆ ರಂಗಂಪೇಟೆ. ಮಂಜಿಲ್ ಯಾರ ಹೆಸರಿನಲ್ಲಿದೆಯೋ ಆ ಫಿಲಿಪ್ ಮೆಡೋಸ್ ಟೇಲರ್ ಲಿವರ್‌ಪೂಲಿನಲ್ಲಿ ಹುಟ್ಟಿ ಹೈದರಾಬಾದ್ ನಿಜಾಮನ ಪಡೆಗೆ ಸೇರಿ, 1840ರ ದಶಕದ ಮೊದಲಿಗೆ ಇಲ್ಲಿಗೆ ಅಧಿಕಾರಿಯಾಗಿ ಬಂದ. ಪಟ್ಟದ ಹುಡುಗ ಇನ್ನೂ ಎಳೆಯ. 1853ರವರೆಗೆ ಸಂಸ್ಥಾನದ ಆಡಳಿತವೂ ಆ ಹುಡುಗನ ಪಾಲನೆಯೂ ಟೇಲರನ ಕೈಯಲ್ಲಿತ್ತು. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನೆಂದು ಅವನ ಆತ್ಮಕಥೆಯಲ್ಲಿದೆ. ಆ ಹುಡುಗನೇ ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ, ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕ. ಅದೇ ವರ್ಷದ ಮೇ ತಿಂಗಳಲ್ಲಿ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಪ್ರಾಯ ಇನ್ನೂ ಇಪ್ಪತ್ನಾಲ್ಕರ ಆಸುಪಾಸು. ಮಂಜಿಲ್‌ನ ಅಂಗಳದಲ್ಲಿ ನಿಂತು ಕೆಳಗಿನ ಅರಮನೆ ನೋಡುವಾಗ ನನ್ನ ಎದೆಗೆ ತಟ್ಟುವುದು ಟೇಲರನ ಆಡಳಿತ ಜಾಣತನಕ್ಕಿಂತ ಆ ಹುಡುಗನ ಒಂಟಿತನ. ಸಾಕಿದವನ ಮಾತು ಒಂದು ಕಡೆ, ನೆಲದವರ ಕರೆ ಇನ್ನೊಂದು ಕಡೆ. ಅವನು ನೆಲದ ಕರೆಗೆ ಓಗೊಟ್ಟ. ಸುರಪುರದವರು ಅವನನ್ನು ಮರೆತಿಲ್ಲ. ಮರೆಯಬಾರದು ಕೂಡ.

ಇಳಿದು ಬಂದು ವೇಣುಗೋಪಾಲಸ್ವಾಮಿ ಗುಡಿಗೆ ಹೋಗಿ. ಗೋಕುಲಾಷ್ಟಮಿಯ ಹೊತ್ತಿಗೆ ಇಲ್ಲಿ ಎತ್ತರದ ಕಂಬ ಏರುವ ಆಟ ನಡೆಯುತ್ತದೆ. ಜಾರುವ ಕಂಬ, ಮೇಲಿನಿಂದ ಸುರಿಯುವ ನೀರು, ಕೆಳಗೆ ಊರಿಗೆ ಊರೇ. ಈ ನಾಯಕರ ಆಸರೆಯಲ್ಲೇ ಬೆಳೆದದ್ದು ಗರುಡಾದ್ರಿ ಮನೆತನದವರ ಚಿತ್ರಕಲೆ. ಚಿನ್ನದ ರೇಕು ಅಂಟಿಸಿ ಬರೆದ, ಅಂಗೈಯಷ್ಟಗಲದ ದೇವರ ಚಿತ್ರಗಳಿಂದ ಅದು ಹೆಸರಾಯಿತು.

ಊಟದ ಮಾತು ಹಾರಿಸಲಾರೆ. ಬಸ್ ನಿಲ್ದಾಣದ ಕಡೆ ಬೆಳಿಗ್ಗೆ ಒಗ್ಗರಣಿ, ಮಿರ್ಚಿ ಸಿಗುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಠಾಣಿ ಪುಡಿ ಬೆರೆಸಿದ್ದು, ಜೊತೆಗೆ ಎಣ್ಣೆಯಿಂದ ಆಗ ತಾನೆ ಎದ್ದ ಮಿರ್ಚಿ. ಮಧ್ಯಾಹ್ನಕ್ಕೆ ಖಾನಾವಳಿ. ನಾನು ಉಂಡ ಕಡೆ ಅಡುಗೆಮನೆ ಬಾಗಿಲು ತೆರೆದೇ ಇತ್ತು. ಕುದಿನೀರಿಗೆ ಹಿಟ್ಟು ಸೇರಿಸಿ ನಾದಿ, ಉಂಡೆಯನ್ನು ಕಲ್ಲಿನ ಮೇಲಿಟ್ಟು, ಅಂಗೈಯಿಂದ ತಟ್ಟುತ್ತಲೇ ತಿರುವುತ್ತ ಹೋಗುತ್ತಿದ್ದರು ಆ ತಾಯಿ. ರೊಟ್ಟಿ ತಾನಾಗಿಯೇ ಸುತ್ತುತ್ತಿರುವಂತೆ ಕಾಣುತ್ತಿತ್ತು. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಮಗ್ಗುಲು ಮಾಡಿ, ಉಬ್ಬಿದ್ದನ್ನು ಕೆಂಡದ ಕಡೆ ವಾಲಿಸಿ ನಿಲ್ಲಿಸುತ್ತಿದ್ದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಯಪ್ಪಾ, ಇನ್ನೊಂದು ಬಿಸಿದು ಹಾಕಲೇನು? ಹೊಳಿ ಕಡಿ ಹೊಂಟೀದಿ, ಅಲ್ಲಿ ಏನೂ ಸಿಗಂಗಿಲ್ಲ" ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಅವರ ಮಾತನ್ನು ಪ್ರಯಾಣದ ಸಲಹೆಯೆಂದೇ ತಿಳಿಯಿರಿ: ನಾಲ್ಕು ರೊಟ್ಟಿ ಕಟ್ಟಿಸಿಕೊಂಡೇ ಹೊರಡಿ.

ಸುರಪುರದಿಂದ ತಿಂಥಣಿ ದಕ್ಷಿಣಕ್ಕೆ, ಸುಮಾರು 20 ಕಿ.ಮೀ. ದಾರಿಯುದ್ದ ಕಾಲುವೆ ನೀರಿನ ಭತ್ತದ ಗದ್ದೆ. ನಾರಾಯಣಪುರ ಎಡದಂಡೆ ಕಾಲುವೆ ಬರುವ ಮುಂಚೆ ಜೋಳ, ಸಜ್ಜೆ, ತೊಗರಿಯ ನೆಲವಿದು. ದೇವಾಪುರದ ಹತ್ತಿರ ಸ್ವಲ್ಪ ನಿಧಾನಿಸಿ. ಔರಂಗಜೇಬ್ ಕೊನೆಯದಾಗಿ ತಾನೇ ಮುಂದೆ ನಿಂತು ಮುತ್ತಿದ ಕೋಟೆ ಈ ಸೀಮೆಯ ವಾಗಣಗೇರಾ. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಡ ದೊರೆ ಪಿಡ್ಡನಾಯಕ ತಡೆದು ನಿಂತ. ಕೋಟೆ ನಿಲ್ಲದೆಂದು ಕಂಡಾಗ ರಾತ್ರೋರಾತ್ರಿ ಜನರೊಂದಿಗೆ ಪಾರಾದ, ಮೊಗಲರಿಗೆ ಸಿಕ್ಕಿದ್ದು ಉರಿಯುವ ಬರಿ ಕೋಟೆ. ಆಮೇಲೆ ಮುದಿ ಬಾದಶಹ ಬಿಡಾರ ಹೂಡಿದ್ದು ದೇವಾಪುರದಲ್ಲಿ. ಮಳೆಗಾಲವಿಡೀ ಅಲ್ಲೇ ಇದ್ದು, ಉಳಿಯುವುದೇ ಅನುಮಾನವೆಂಬಷ್ಟು ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಎದ್ದು ಅಹಮದ್‌ನಗರದ ದಾರಿ ಹಿಡಿದವನು ಮುಂದೆ 1707ರಲ್ಲಿ ತೀರಿಕೊಂಡ. ದಖ್ಖನಿನಲ್ಲಿ ಅವನು ಕಳೆದ ಕಾಲು ಶತಮಾನದ ಯುದ್ಧ ನಿಂತದ್ದು ಈ ಕೃಷ್ಣೆಯ ಮಗ್ಗುಲಲ್ಲಿ.

ಆ ಬಿಡಾರದಿಂದ ತುಸು ದೂರದಲ್ಲೇ, ಅದಕ್ಕೂ ಮುಂಚಿನಿಂದ, ಬೇರೆ ಬಗೆಯ ಬಾಳ್ವೆಯೊಂದು ನೆಲೆಗೊಂಡಿತ್ತು. ತಿಂಥಣಿಯ ಮೌನೇಶ್ವರರು ಆದಿಲಶಾಹಿ ಕಾಲದವರು, ವಿಶ್ವಕರ್ಮ ಮನೆತನದವರು. ಇದೇ ಸೀಮೆಯ ದೇವರಗೋನಾಲ ಅವರು ಹುಟ್ಟಿದೂರು ಎನ್ನುತ್ತಾರೆ ಭಕ್ತರು. ವಚನ ಕಟ್ಟಿದವರು, ಕಾಲಜ್ಞಾನ ನುಡಿದವರು. ಹೊಳೆಗೆ ಮುಖ ಮಾಡಿದ ಗುಡಿಯ ಹೊರಗೆ ಚಪ್ಪಲಿ ಬಿಟ್ಟು ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಕಮಾನು, ದರ್ಗಾಗಳಲ್ಲಿ ಕಾಣುವಂಥದ್ದೇ. ಒಳಗೆ ವಿಭೂತಿ, ಕಾಯಿ, ಕರ್ಪೂರ. ಜಯಘೋಷ ಕೇಳಿ: ದಖ್ಖನಿ ಮಾತಿನಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಪೀರರನ್ನು ನೆನೆದು, ಮೌನೇಶ್ವರರನ್ನು ಮೌನುದ್ದೀನ್ ಎಂದು ಕೂಗುತ್ತಾರೆ. ಕೂಗುವವರು ಹಣೆಗೆ ವಿಭೂತಿ ಹಚ್ಚಿದವರು. ಪಕ್ಕದಲ್ಲಿ ಟೋಪಿ ಹಾಕಿದ ಅಜ್ಜರೊಬ್ಬರು ಮೊಮ್ಮಗನ ಕೈಹಿಡಿದು ಅದೇ ಸಾಲಿನಲ್ಲಿ ನಿಂತಿದ್ದರು. ಕಾಯಿ ಒಡೆದು ಕೊಟ್ಟ ಹೋಳನ್ನು ಹುಡುಗ ಅಲ್ಲೇ ಕಚ್ಚಿದ. ಇದನ್ನು ಯಾರೂ ಯಾರಿಗೂ ವಿವರಿಸುತ್ತಿರಲಿಲ್ಲ. ವಿವರಿಸಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ಇಂಥ ಜಾಗ ನಮ್ಮ ನಾಡಿನಲ್ಲಿ ಇನ್ನೂ ಉಸಿರಾಡುತ್ತಿದೆ ಎಂಬುದೊಂದೇ ಕಾರಣ ಸಾಕು, ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರಲು.

ಜಾತ್ರೆ ಭಾರತ ಹುಣ್ಣಿಮೆಯ ಹೊತ್ತಿಗೆ, ಹೆಚ್ಚಾಗಿ ಫೆಬ್ರವರಿಯಲ್ಲಿ. ಪಲ್ಲಕ್ಕಿ ಗುಹೆಯೊಳಗೆ ಹೋಗುವ ಗುಹಾಪ್ರವೇಶವೇ ಮುಖ್ಯ ಗಳಿಗೆ. ಎರಡೂ ದಂಡೆಯಿಂದ ಜನ ಬಂದು ಹೊಳೆಯಲ್ಲಿ ಮಿಂದು ಹಸಿಬಟ್ಟೆಯಲ್ಲೇ ನಿಲ್ಲುತ್ತಾರೆ. ಜನರ ನಡುವೆ ಇರಬೇಕೆನ್ನುವವರಿಗೆ ಆ ದಿನ, ಹೊಳೆಯ ಜೊತೆ ಇರಬೇಕೆನ್ನುವವರಿಗೆ ಯಾವುದಾದರೂ ವಾರದ ದಿನ. ಜನವರಿಯಲ್ಲಾದರೆ ಬ್ರಿಜ್‌ನ ಆಚೆ ದಂಡೆಯ ಕನಕ ಗುರುಪೀಠದಲ್ಲಿ ಹಾಲುಮತ ಸಂಸ್ಕೃತಿ ವೈಭವ ನಡೆಯುತ್ತದೆ. ಡೊಳ್ಳು, ಕಂಬಳಿಯ ಬೀದಿ ಅದು.

ನಾಲ್ಕು ಗಂಟೆಯ ಮೇಲೆ ದಂಡೆಗೆ ಇಳಿಯಿರಿ. ಬಂಡೆಯ ಮೇಲೆ ಒಬ್ಬರು ಹರಗೋಲು ಬೋರಲು ಹಾಕಿ ದುರಸ್ತಿ ಮಾಡುತ್ತಿದ್ದರು. ಬಿದಿರ ಸೀಳನ್ನು ಬುಟ್ಟಿಯಂತೆ ಹೆಣೆದ ಮೈ, ಮೇಲೆ ಹಿಂದೆ ಚರ್ಮ ಇದ್ದ ಜಾಗದಲ್ಲಿ ಈಗ ದಪ್ಪ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಹೋಗಿ, ಮೆತ್ತಗೆ ಕಂಡಲ್ಲಿ ಕಾದ ಡಾಂಬರಿನ ಕುಂಚ ಎಳೆಯುತ್ತಿದ್ದರು. "ಇಲ್ಲಿ ಈಜಬೇಕಂದ್ರ?" ಎಂದೆ. ತಲೆ ಎತ್ತದೆಯೇ ಹೇಳಿದರು: "ಬ್ಯಾಡ್ರಿ ಸರ. ಮಸಳಿ ಅದಾವ. ಜನ ಜಳಕ ಮಾಡೋ ಮೆಟ್ಟಲದಾಗ ನಾಲ್ಕು ಮಂದಿ ಜೋಡಿ ಇಳೀರಿ, ಒಬ್ಬರ ಆಚಿ ಹೋಗಬ್ಯಾಡ್ರಿ." ಕೃಷ್ಣೆಯ ಈ ಪಾತ್ರದಲ್ಲಿ ಮೊಸಳೆ ಹೊಸದೇನಲ್ಲ. ಚಳಿಗಾಲದ ಬಿಸಿಲಿಗೆ ನಡುಗಡ್ಡೆಯ ಮರಳಿನ ಮೇಲೆ ಮೈಚಾಚಿರುತ್ತವೆ. ದೂರದಿಂದ ನೋಡಿ, ಮಕ್ಕಳ ಕೈ ಬಿಡಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಂತೂ ಬಂಡೆಗೆ ಇಳಿಯಲೇಬಾರದು.

ಎರಡನೆಯ ದಿನ ಸುರಪುರದಿಂದ ಪಶ್ಚಿಮಕ್ಕೆ. ನಸುಕಿನಲ್ಲೇ ಎದ್ದು ಬೋನಾಳ ಕೆರೆ ಏರಿಯ ಮೇಲೆ ನಿಲ್ಲಬೇಕು. ನಾಯಕರ ಕಾಲದ ಕೆರೆಯಿದು, ಟೇಲರ್ ಅದರ ಮೇಲೆ ಅಕ್ಕರೆಯಿಟ್ಟು ಕೆಲಸ ಮಾಡಿಸಿದ. ಈಗ ಪಕ್ಷಿಧಾಮ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಯೂ ಚಳಿಗಾಲ ಕಳೆಯುತ್ತವೆ.

ಮುಂದೆ ಹುಣಸಗಿ. ಈ ಕಣಿವೆಯಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ದಶಕಗಟ್ಟಲೆ ನಡೆದು, ಅಗೆದು, ಆದಿಮಾನವರ ನೆಲೆಗಳನ್ನು ಹುಡುಕಿದರು. ಹತ್ತಿರದ ಇಸಾಂಪುರದಲ್ಲಿ ಸಿಕ್ಕಿದ್ದು ಸುಣ್ಣಕಲ್ಲಿನಿಂದ ಕೈಗೊಡಲಿ ಒಡೆದು ಮಾಡುತ್ತಿದ್ದ ಕಮ್ಮಟ, ಸುಮಾರು 12 ಲಕ್ಷ ವರ್ಷ ಹಳೆಯದೆಂದು ಲೆಕ್ಕ. ನೀರಿನ ಒರತೆ, ಒಡೆಯಲು ಕಲ್ಲು, ತಿನ್ನಲು ಬೇಟೆ ಮೂರೂ ಇದ್ದದ್ದರಿಂದ ಅವರು ಇಲ್ಲಿ ನಿಂತರು. ರಾಜನಕೋಳೂರಿನ ಹೊಲದಲ್ಲಿ ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ ಬೃಹತ್ ಶಿಲಾಸಮಾಧಿಗಳಿವೆ, ಜನರ ಬಾಯಲ್ಲಿ ಮೋರ್ಯರ ಮನೆ. ಅವುಗಳ ಬಗ್ಗೆ 1850ರ ದಶಕದಲ್ಲೇ ಬರೆದವನೂ ಟೇಲರನೇ. ನೀರಾವರಿ ಬಂದ ಮೇಲೆ ನೆಲ ಸಮಮಾಡುವ ಭರಾಟೆಯಲ್ಲಿ ಇಂಥ ಎಷ್ಟೋ ನೆಲೆ ಈ ಸೀಮೆಯಲ್ಲಿ ಅಳಿದಿವೆ. ಉಳಿದವನ್ನು ಬೇಗ ನೋಡಿ, ಮೇಲೆ ಹತ್ತಬೇಡಿ, ಕಲ್ಲಿನ ಚೂರು ಜೇಬಿಗೆ ಹಾಕಬೇಡಿ. ಪಕ್ಕದ ಕೊಡೇಕಲ್ಲಿನಲ್ಲಿ ಕೊಡೇಕಲ್ಲ ಬಸವಣ್ಣನ ನೆಲೆ, ಕಾಲಜ್ಞಾನದ ಮತ್ತೊಂದು ಊರು. ತಿಂಥಣಿ ಕಂಡವರಿಗೆ ಇಲ್ಲಿನ ಆಚರಣೆ ಹೊಸದೆನಿಸದು.

ಮಧ್ಯಾಹ್ನ ದಾಟುವ ಹೊತ್ತಿಗೆ ನಾರಾಯಣಪುರ. ಬಸವಸಾಗರದ ಪೂರ್ಣ ಮಟ್ಟ 492.25 ಮೀಟರ್, ಹಿಡಿಯುವ ನೀರು 33 ಟಿಎಂಸಿಗೂ ಮಿಗಿಲು. ಕೆಳಗೆ ಛಾಯಾ ಭಗವತಿಯ ಗುಡಿ. ಸೂರ್ಯನ ಮಡದಿ ಇಲ್ಲಿ ಹೊಳೆಯ ಅಂಚಿನಲ್ಲೇ ನೆಲೆಸಿದ್ದಾಳೆ, ಮೆಟ್ಟಿಲಿಳಿದೇ ಹೋಗಬೇಕು. ನೀರು ಬಿಟ್ಟಾಗ ಎದುರಿನ ಬಂಡೆಗಳ ಮೇಲಿಂದ ಕೃಷ್ಣೆ ಸೀಳಿ ಸೀಳಿ ಧುಮುಕುತ್ತಾಳೆ. ದಖ್ಖನಿನ ಎತ್ತರದಿಂದ ಹೊಳೆ ಇಳಿಯುವ ಜಾಗವೇ ಈ ಸುತ್ತು: ಜಲದುರ್ಗದ ಹತ್ತಿರ ಮೂರೇ ಮೈಲಿಯಲ್ಲಿ ಸುಮಾರು 400 ಅಡಿ ಇಳಿಯುತ್ತದೆಂದು ಹಳೆಯ ಗೆಜೆಟಿಯರಿನಲ್ಲಿದೆ. ಜಲದುರ್ಗವೆಂಬ ಆ ನಡುಗಡ್ಡೆಯ ಕೋಟೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು.

ಸ್ವಂತ ಗಾಡಿ ಇದ್ದವರು ಜಲದುರ್ಗವನ್ನೂ ಸೇರಿಸಿಕೊಂಡು ಲಿಂಗಸುಗೂರಿನ ಕಡೆಯಿಂದ ಊರು ಸೇರಬಹುದು. ಬಸ್ಸಿನವರು ಆಸೆ ಹಿಡಿದಿಟ್ಟು ನಾರಾಯಣಪುರದಿಂದ ಹುಣಸಗಿಗೆ, ಅಲ್ಲಿಂದ ಸುರಪುರಕ್ಕೆ ಹೊತ್ತಿರುವಾಗಲೇ ತಿರುಗಬೇಕು, ಸಂಜೆಯ ಮೇಲೆ ಬಸ್ಸು ವಿರಳ. ರಾತ್ರಿ ರೈಲು ಹಿಡಿಯುವವರು ಸುರಪುರದಲ್ಲಿ ಆರು ಗಂಟೆಯೊಳಗೆ ಯಾದಗಿರಿ ಬಸ್ಸು ಹತ್ತಿದರೆ ನಿಶ್ಚಿಂತೆ.